ಹಗಲು ನೋಡಿ ಕೊಳ್ಳುವ ಕ್ಯಾಮೆರಾ, ರಾತ್ರಿ ದುಡಿಯಬೇಕಾದ ಕ್ಯಾಮೆರಾ

2025ರ ಜನವರಿಯಲ್ಲಿ ವಿಜಯಪುರದ ಹಲವು ಬಡಾವಣೆಗಳ ಜನರಿಗೆ ನೆಮ್ಮದಿಯ ನಿದ್ದೆ ಇರಲಿಲ್ಲ. ಮುಸುಕುಧಾರಿ ಕಳ್ಳರ ತಂಡವೊಂದು ನಡುರಾತ್ರಿ ಮನೆಗಳಿಗೆ ನುಗ್ಗುತ್ತಿದೆ ಎಂಬ ಸುದ್ದಿಯ ಜೊತೆಗೇ ಸಿಸಿ ಕ್ಯಾಮೆರಾದ ದೃಶ್ಯಗಳೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಇಂಥ ದೃಶ್ಯಗಳಲ್ಲಿ ಕಾಣುವುದು ಎಷ್ಟು? ಬಹಳ ಸಲ ಬೂದುಬಣ್ಣದ ಆಕೃತಿಗಳು, ಮಸುಕಾದ ತಲೆಗಳು, ಬೆಳ್ಳಗೆ ಹೊಳೆಯುವ ಕಣ್ಣುಗಳು. ಯಾರೋ ಬಂದಿದ್ದರು ಎಂಬುದು ಗೊತ್ತಾಗುತ್ತದೆ. ಯಾರು ಬಂದಿದ್ದರು ಎಂಬುದು ಗೊತ್ತಾಗುವುದಿಲ್ಲ.

ಅದೇ ಮನೆಯ ಅದೇ ಕ್ಯಾಮೆರಾ ಬೆಳಿಗ್ಗೆ ಹತ್ತಕ್ಕೆ ಹಾಲಿನವನ ಅಂಗಿಯ ಗುಂಡಿಯನ್ನೂ ತೋರಿಸುತ್ತಿರುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿಂದ. ಕೊಳ್ಳುವವರು ಅಂಗಡಿಗೆ ಹೋಗುವುದು ಹಗಲಿನಲ್ಲಿ, ಟ್ಯೂಬ್‌ಲೈಟುಗಳು ಝಗಮಗಿಸುವ ಜಾಗಕ್ಕೆ. ದೊಡ್ಡ ಟಿವಿಯಲ್ಲಿ ಚಿತ್ರ ಕನ್ನಡಿಯಂತೆ ಕಾಣುತ್ತದೆ. ‘ಇದು ಎರಡು ಎಂಪಿ, ಇದು ಐದು, ಇದು ಎಂಟು’ ಎಂದು ಅಂಗಡಿಯವರು ದರ ಹೇಳುತ್ತಾರೆ. ಎಂಪಿ ಹೆಚ್ಚಾದಷ್ಟೂ ಒಳ್ಳೆಯದು ಎಂದು ಗಿರಾಕಿ ತೀರ್ಮಾನಿಸಿಬಿಡುತ್ತಾನೆ. ಹಗಲಿನ ಮಟ್ಟಿಗೆ ಆ ತೀರ್ಮಾನ ಸರಿ. ರಾತ್ರಿಗೆ ಅದು ಅನೇಕ ಸಲ ತಲೆಕೆಳಗು.

ಎಂಪಿ ಎಂದರೆ ಮೆಗಾಪಿಕ್ಸೆಲ್, ಅಂದರೆ ಹತ್ತು ಲಕ್ಷ ಚುಕ್ಕಿಗಳು. 1920 ಅಡ್ಡ, 1080 ಉದ್ದದ ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿದ್ದರೆ, 4ಕೆ ಎನ್ನುವ ಚಿತ್ರದಲ್ಲಿ ಸುಮಾರು 83 ಲಕ್ಷ. ಈ ಚುಕ್ಕಿಗಳು ಕೂರುವುದು ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಸೆನ್ಸರ್ ಮೇಲೆ. ಸೆನ್ಸರ್ ಅಷ್ಟೇ ಇದ್ದು ಚುಕ್ಕಿಗಳು ನಾಲ್ಕು ಪಟ್ಟಾದರೆ, ಒಂದೇ ಹೊಲ ನಾಲ್ವರು ಅಣ್ಣತಮ್ಮಂದಿರಿಗೆ ಪಾಲಾದಂತೆ: ಒಬ್ಬೊಬ್ಬರ ಪಾಲಿಗೆ ಬೀಳುವುದು ಕಾಲುಭಾಗ. ಇಲ್ಲಿ ಪಾಲಾಗುವ ಬೆಳೆ ಬೆಳಕು. ಸೋನಿ ಕಂಪನಿಯ ಸೆನ್ಸರ್‌ಗಳಲ್ಲೇ ಇದನ್ನು ಕಾಣಬಹುದು. 1/2.8 ಇಂಚಿನ ಅಳತೆಯ ಎರಡು ಎಂಪಿ ಸೆನ್ಸರ್‌ನಲ್ಲಿ ಒಂದೊಂದು ಚುಕ್ಕಿಯ ಅಗಲ 2.9 ಮೈಕ್ರಾನ್, ಅದೇ ಅಳತೆಯ ಎಂಟು ಎಂಪಿ ಸೆನ್ಸರ್‌ನಲ್ಲಿ 1.45 ಮೈಕ್ರಾನ್. ಅಗಲ ಅರ್ಧವಾದರೆ ವಿಸ್ತೀರ್ಣ ಕಾಲು.

ಹಗಲಿನಲ್ಲಿ ಇದರಿಂದ ನಷ್ಟವಿಲ್ಲ. ವಿಜಯಪುರದ ನಡುಮಧ್ಯಾಹ್ನದ ಬಿಸಿಲು, ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಹೇಳುವುದಾದರೆ, ಒಂದು ಲಕ್ಷದ ಹತ್ತಿರ ಹೋಗುತ್ತದೆ, ಪಾಲು ಎಷ್ಟು ಮಾಡಿದರೂ ಎಲ್ಲರಿಗೂ ಹೊಟ್ಟೆತುಂಬ ಬೆಳಕು. ಬೀದಿದೀಪವಿರುವ ರಸ್ತೆಯಲ್ಲಿ ರಾತ್ರಿ ಸಿಗುವುದು ಹತ್ತಿಪ್ಪತ್ತು ಲಕ್ಸ್. ಹುಣ್ಣಿಮೆಯ ಬೆಳದಿಂಗಳಲ್ಲಿ ಕಾಲು ಲಕ್ಸ್ ಸಿಕ್ಕರೆ ಹೆಚ್ಚು.

ಕೊರತೆಯನ್ನು ತುಂಬಿಕೊಳ್ಳಲು ಕ್ಯಾಮೆರಾ ಮಾಡುವ ಮೊದಲ ಉಪಾಯ, ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುವುದು. ಹಗಲು ಸೆಕೆಂಡಿನ ಐನೂರನೇ ಒಂದು ಭಾಗ ತೆರೆಯುತ್ತಿದ್ದ ಶಟರ್ ರಾತ್ರಿ ಇಪ್ಪತ್ತೈದನೇ ಒಂದು ಭಾಗ, ಕೆಲವೊಮ್ಮೆ ಹನ್ನೆರಡನೇ ಒಂದು ಭಾಗ ತೆರೆದೇ ಇರುತ್ತದೆ. ಖಾಲಿ ಅಂಗಳ ಆಗ ಬೆಳಗಿದಂತೆ ಸೊಗಸಾಗಿ ಕಾಣುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾಗುವುದೂ ಇಂಥ ಚಿತ್ರವೇ. ಆದರೆ ಅಂಗಳದಲ್ಲಿ ಮನುಷ್ಯ ನಡೆದರೆ? ಸಾಧಾರಣ ನಡಿಗೆಯವನು ಸೆಕೆಂಡಿನ ಹನ್ನೆರಡನೇ ಒಂದು ಭಾಗದಲ್ಲಿ ಸುಮಾರು 11 ಸೆಂ.ಮೀ. ಸರಿದಿರುತ್ತಾನೆ. ಮುಖದ ಅಗಲವೇ ಹೆಚ್ಚುಕಡಿಮೆ 15 ಸೆಂ.ಮೀ. ಮೂಗು, ಕಣ್ಣು, ಮೀಸೆ ಎಲ್ಲ ಕಲೆಸಿ ಒಂದು ಗೀರಾಗುತ್ತದೆ. ಗಂಟೆಗೆ 36 ಕಿ.ಮೀ. ವೇಗದ ಬೈಕಾದರೆ ಇಪ್ಪತ್ತೈದನೇ ಒಂದು ಭಾಗದಲ್ಲೇ 40 ಸೆಂ.ಮೀ. ದಾಟಿರುತ್ತದೆ. ‘0.005 ಲಕ್ಸ್‌ನಲ್ಲೂ ಬಣ್ಣ’ ಎಂಬ ಜಾಹೀರಾತು ಓದುವಾಗ, ಆ ಅಂಕಿ ಯಾವ ಶಟರ್ ವೇಗದಲ್ಲಿ ಬಂದದ್ದು ಎಂದು ಕೇಳುವ ಗಿರಾಕಿ ಅಪರೂಪ.

ಹಾಗಂತ ಎಂಪಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಪರಿಚಿತನ ಗುರುತು ಹಿಡಿಯಬೇಕಾದರೆ ಅವನು ನಿಂತ ಜಾಗದಲ್ಲಿ ಪ್ರತಿ ಮೀಟರ್ ಅಗಲಕ್ಕೆ 250 ಚುಕ್ಕಿ ಬೇಕು ಎನ್ನುತ್ತದೆ ಯುರೋಪಿನ ಮಾನದಂಡ. ಪರಿಚಿತನನ್ನು ಗುರುತಿಸಲು 125, ಯಾರೋ ಇದ್ದಾರೆ ಎಂದು ತಿಳಿಯಲು ಬರೀ 25. ಮನೆಗಳಲ್ಲಿ ಹೆಚ್ಚಾಗಿ ಬಳಸುವ 2.8 ಮಿ.ಮೀ. ಲೆನ್ಸ್ ಬಹಳ ಅಗಲ ನೋಡುತ್ತದೆ. ಅದರಲ್ಲಿ ಎರಡು ಎಂಪಿ ಕ್ಯಾಮೆರಾ ಮುಖದ ಗುರುತು ಕೊಡುವುದು ಸುಮಾರು ಮೂರು ಮೀಟರ್‌ವರೆಗೆ, ಎಂಟು ಎಂಪಿ ಕ್ಯಾಮೆರಾ ಆರು ಮೀಟರ್‌ವರೆಗೆ. ಎರಡೇ ಎಂಪಿ ಇಟ್ಟುಕೊಂಡು ಲೆನ್ಸನ್ನು 6 ಮಿ.ಮೀ.ಗೆ ಬದಲಿಸಿದರೆ, ಇಕ್ಕೆಲದ ನೋಟ ಕಡಿಮೆಯಾದರೂ ಎಂಟು ಮೀಟರ್ ದೂರದ ಮುಖ ಸಿಗುತ್ತದೆ. ಲೆನ್ಸ್ ಬದಲಿಸಿದರೆ ಸಾಕಾಗುವ ಕಡೆ ಎಂಪಿಗೆ ದುಡ್ಡು ಸುರಿಯುವವರೇ ಹೆಚ್ಚು.

ಈಗ ವಿಜಯಪುರದ ಸ್ಟೇಷನ್ ರಸ್ತೆಗೆ ಬರೋಣ. ರೈಲು ನಿಲ್ದಾಣದಿಂದ ಗೋಳಗುಮ್ಮಟದ ಮುಂದಾಗಿ ಸಾಗುವ ಈ ರಸ್ತೆಯಲ್ಲಿ ಬೀದಿದೀಪ, ಅಂಗಡಿಗಳ ಫಲಕ, ವಾಹನಗಳ ಹೆಡ್‌ಲೈಟು ಎಲ್ಲ ಸೇರಿ ಕತ್ತಲೆಗೆ ಅಷ್ಟು ಜಾಗವಿಲ್ಲ. ಇಂಥ ಕಡೆ ಬಣ್ಣದ ರಾತ್ರಿಚಿತ್ರ ಕೊಡುವ ಕ್ಯಾಮೆರಾ ಹಾಕಿದರೆ ಪ್ರಯೋಜನವಿದೆ. ‘ಕೆಂಪಂಗಿ, ನೀಲಿ ಸ್ಕೂಟರ್’ ಎನ್ನುವಷ್ಟು ಗೊತ್ತಾದರೂ ಪೊಲೀಸರಿಗೆ ಹುಡುಕುವ ದಾರಿ ಸಿಗುತ್ತದೆ. ನೋಡಬೇಕಾದ್ದು ಎರಡು ಅಂಕಿ. ಸೆನ್ಸರ್ 1/2.8ಕ್ಕಿಂತ ದೊಡ್ಡದಾದ 1/1.8 ಇಂಚಿನದಿದ್ದರೆ ಒಳ್ಳೆಯದು, ಲೆನ್ಸಿನ ಎಫ್ ಅಂಕಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಎಫ್ 1.0 ಲೆನ್ಸ್ ಎಫ್ 2.0 ಲೆನ್ಸಿಗಿಂತ ನಾಲ್ಕು ಪಟ್ಟು ಬೆಳಕು ಒಳಬಿಡುತ್ತದೆ. ರಸ್ತೆಗೆ ಮುಖ ಮಾಡಿದ ಬಾಗಿಲಿಗೆ ಡಬ್ಲ್ಯೂಡಿಆರ್ ಎಂಬ ಸೌಲಭ್ಯವೂ ಬೇಕು. ಅದಿಲ್ಲದಿದ್ದರೆ ಹೊರಗಿನ ಬಿಸಿಲನ್ನು ಬೆನ್ನಿಗಿಟ್ಟುಕೊಂಡು ಒಳಬಂದವನ ಮುಖ ಹಗಲಿನಲ್ಲೇ ಕಪ್ಪಗಾಗುತ್ತದೆ.

ಇದೇ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಹೋದರೆ ಲೆಕ್ಕವೇ ಬೇರೆ. ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು, ಊರಿಂದ ದೂರದ ತೋಟದ ವಸ್ತಿ. ಅಮಾವಾಸ್ಯೆಯ ರಾತ್ರಿ ಅಲ್ಲಿ ಯಾವ ದೊಡ್ಡ ಸೆನ್ಸರ್ ಇದ್ದರೂ ನೋಡುವುದಕ್ಕೆ ಬೆಳಕೇ ಇಲ್ಲ. ಅಲ್ಲಿಗೆ ಬೇಕಾದ್ದು ಇನ್‌ಫ್ರಾರೆಡ್ ದೀಪಗಳಿರುವ ಕಪ್ಪು–ಬಿಳುಪು ಕ್ಯಾಮೆರಾ. 850 ನ್ಯಾನೊಮೀಟರ್ ತರಂಗಾಂತರದ ದೀಪ ದೂರ ಬೆಳಗುತ್ತದೆ, ಆದರೆ ಎದುರು ನಿಂತವನಿಗೆ ಮಂದ ಕೆಂಪು ಕಾಣುತ್ತದೆ. 940ರದ್ದು ಕಾಣುವುದಿಲ್ಲ, ಹತ್ತಿರಕ್ಕಷ್ಟೇ ಬೆಳಗುತ್ತದೆ. ಇತ್ತೀಚೆಗೆ ಇನ್‌ಫ್ರಾರೆಡ್, ಬಿಳಿ ಎರಡೂ ಬಗೆಯ ದೀಪವಿರುವ ಕ್ಯಾಮೆರಾಗಳು ಬಂದಿವೆ: ಮನುಷ್ಯ ಸುಳಿದಾಗ ಮಾತ್ರ ಬಿಳಿ ದೀಪ ಹೊತ್ತಿಸಿ ಬಣ್ಣದ ಚಿತ್ರ ತೆಗೆಯುತ್ತವೆ. ತೋಟಕ್ಕೆ ಇದು ಒಪ್ಪುತ್ತದೆ, ಏಕೆಂದರೆ ಥಟ್ಟನೆ ಹೊತ್ತುವ ದೀಪವೇ ಕೆಲವು ಕಳ್ಳರನ್ನಾದರೂ ಓಡಿಸಬಹುದು.

ಇನ್‌ಫ್ರಾರೆಡ್‌ಗೆ ಅದರದೇ ಆದ ಸಂಕಟಗಳಿವೆ. ಕ್ಯಾಮೆರಾವನ್ನು ಸಜ್ಜಾಕ್ಕೋ ಗೋಡೆಗೋ ತೀರಾ ಒತ್ತಿ ಕೂರಿಸಿದರೆ ಬೆಳಕು ಅಲ್ಲಿಗೇ ಬಡಿದು ಮರಳಿ, ಉಳಿದ ಚಿತ್ರ ಕಪ್ಪಾಗುತ್ತದೆ. ದೀಪದ ಹತ್ತಿರ ಹುಳ ಬರುತ್ತವೆ, ಹುಳಕ್ಕಾಗಿ ಜೇಡ ಬರುತ್ತದೆ, ಜೇಡರಬಲೆ ರಾತ್ರಿಯಿಡೀ ಬಿಳಿ ಪರದೆಯಂತೆ ತೂಗುತ್ತದೆ. ಈ ಭಾಗದ ಧೂಳಿಗೂ ಅದೇ ಗುಣ. ತಿಂಗಳಿಗೊಮ್ಮೆ ಮೆತ್ತನೆ ಬಟ್ಟೆಯಿಂದ ಗಾಜು ಒರೆಸುವುದು ಹೊಸ ಕ್ಯಾಮೆರಾ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಅತಿ ಸುರಕ್ಷಿತ (ಎಚ್‌ಎಸ್‌ಆರ್‌ಪಿ) ನಂಬರ್ ಪ್ಲೇಟಿನ ಹಾಳೆ ಬಂದ ಬೆಳಕನ್ನು ಬಂದ ಕಡೆಗೇ ತಿರುಗಿಸುವುದರಿಂದ ಇನ್‌ಫ್ರಾರೆಡ್ ಬಿದ್ದೊಡನೆ ಪ್ಲೇಟು ಬರೀ ಬಿಳಿ ಚೌಕವಾಗುತ್ತದೆ. ನಂಬರು ಬೇಕೇ ಬೇಕೆಂದರೆ ವೇಗದ ಶಟರ್ ಹೊಂದಿಸಿದ, ಗೇಟಿಗಷ್ಟೇ ಮುಖ ಮಾಡಿದ ಇನ್ನೊಂದು ಕ್ಯಾಮೆರಾ ಬೇಕು. ಅಂಗಳ, ಮುಖ, ನಂಬರು ಮೂರನ್ನೂ ಒಂದೇ ಕ್ಯಾಮೆರಾದಿಂದ ತೆಗೆಯುತ್ತೇನೆ ಎನ್ನುವುದು ದುರಾಸೆ.

ಎತ್ತರದ ಮಾತೂ ಇದೆ. ಕಳ್ಳನ ಕೈಗೆ ಸಿಗಬಾರದೆಂದು ಹದಿನೈದಿಪ್ಪತ್ತು ಅಡಿ ಮೇಲೆ ಹಾಕಿದ ಕ್ಯಾಮೆರಾಗೆ ಟೊಪ್ಪಿಗೆ ಮಾತ್ರ ಕಾಣುತ್ತದೆ. ಮುಖಕ್ಕೆ ಎಂಟು–ಹತ್ತು ಅಡಿ ಸಾಕು.

ದೃಶ್ಯಗಳನ್ನು ಉಳಿಸುವ ರೆಕಾರ್ಡರ್ ಎಲ್ಲಿದೆ ಎಂಬುದನ್ನಂತೂ ಮರೆಯುವಂತಿಲ್ಲ. 2025ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕಿಲೊ ಚಿನ್ನ ಕದ್ದವರು ಕ್ಯಾಮೆರಾಗಳ ರೆಕಾರ್ಡರ್ ಅನ್ನೂ ಹೊತ್ತೊಯ್ದಿದ್ದರು. ಟಿವಿಯ ಪಕ್ಕದಲ್ಲೇ ರೆಕಾರ್ಡರ್ ಇಟ್ಟ ಮನೆಗಳಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಡ. ಬೀಗವಿರುವ ಕಪಾಟು, ಒಂದು ಯುಪಿಎಸ್, ಸಾಧ್ಯವಾದರೆ ಕ್ಯಾಮೆರಾದೊಳಗೇ ಒಂದು ಮೆಮೊರಿ ಕಾರ್ಡ್ ಇರಲಿ. ಹಾರ್ಡ್ ಡಿಸ್ಕ್ ಲೆಕ್ಕವೂ ಎಂಪಿಯ ಜೊತೆಗೇ ಏರುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಬಳಸುವ ನಾಲ್ಕು ಕ್ಯಾಮೆರಾಗಳ ಒಂದು ತಿಂಗಳ ದೃಶ್ಯಕ್ಕೆ ಸುಮಾರು 2.6 ಟಿಬಿ ಬೇಕು, 4 ಮೆಗಾಬಿಟ್ ಬಳಸಿದರೆ ಅದರ ಎರಡರಷ್ಟು. ಜನ ಸೇರುವ ಅಂಗಡಿ, ಆಸ್ಪತ್ರೆ, ಕಲ್ಯಾಣ ಮಂಟಪಗಳಂಥ ಕಡೆ 30 ದಿನದ ದೃಶ್ಯ ಉಳಿಸಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಮನೆಗಳಿಗೆ ಆ ಕಟ್ಟುಪಾಡಿಲ್ಲ, ಆದರೂ ಊರಿಗೆ ಹೋಗಿ ಮರಳುವಷ್ಟು ದಿನದ ದೃಶ್ಯ ಉಳಿಯಲೇಬೇಕು. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಕ್ಯಾಮೆರಾಗಳಿಗೆ ಕಡ್ಡಾಯ ಮಾಡಿದ ಪರೀಕ್ಷೆ ಹ್ಯಾಕಿಂಗ್ ತಡೆಗೆ ಸಂಬಂಧಿಸಿದ್ದು. ಆ ಪ್ರಮಾಣಪತ್ರ ಇದೆಯೆಂದ ಮಾತ್ರಕ್ಕೆ ರಾತ್ರಿಚಿತ್ರ ಚೆನ್ನಾಗಿರುತ್ತದೆ ಎಂದಲ್ಲ.

ಸಾಮಾನ್ಯ ಮನೆಯೊಂದಕ್ಕೆ, ದೊಡ್ಡ ಸೆನ್ಸರ್ ಇರುವ ನಾಲ್ಕು ಎಂಪಿ ಕ್ಯಾಮೆರಾ ಚಿಕ್ಕ ಸೆನ್ಸರ್‌ನ ಎಂಟು ಎಂಪಿಗಿಂತ ಮೇಲು. ಅದರ ಜೊತೆಗೆ ಬಾಗಿಲ ಮೇಲೆ ರಾತ್ರಿಯಿಡೀ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬು ಇದ್ದರೆ ಇನ್ನೂ ಮೇಲು. ಹನ್ನೆರಡು ಗಂಟೆ ಉರಿದರೂ ತಿಂಗಳಿಗೆ ಸುಮಾರು ಮೂರೂಕಾಲು ಯುನಿಟ್ ಅಷ್ಟೇ. ಕೊಳ್ಳುವ ಮೊದಲು ಅಂಗಡಿಯವರಿಗೆ ಒಂದು ಷರತ್ತು ಹಾಕಿ: ಕ್ಯಾಮೆರಾವನ್ನು ಒಂದು ರಾತ್ರಿ ನಿಮ್ಮ ಮನೆಯಲ್ಲೇ ಕಟ್ಟಿ ನೋಡಬೇಕು. ರಾತ್ರಿಯಿಡೀ ಉರಿಯುವ ಆ ಬಲ್ಬನ್ನು ಬಿಟ್ಟು ಉಳಿದ ದೀಪಗಳನ್ನೆಲ್ಲ ಆರಿಸಿ, ಮನೆಯವರೊಬ್ಬರನ್ನು ಗೇಟಿನಿಂದ ಬಾಗಿಲವರೆಗೆ ಬಿರಬಿರನೆ ನಡೆಸಿ. ಬೆಳಿಗ್ಗೆ ಆ ದೃಶ್ಯವನ್ನು ನಿಲ್ಲಿಸಿ ನೋಡಿದಾಗ ಮುಖ ಗುರುತು ಸಿಕ್ಕರೆ ಮಾತ್ರ ದುಡ್ಡು ಕೊಡಿ.