ಗಲಿಲಾಯದ ಬೋಧಕ ‘ಕರ್ತ’ನಾದ ಬಗೆ

ಇಸ್ರೇಲಿನ ಮೆಗಿದ್ದೋ ಸೆರೆಮನೆಯನ್ನು ವಿಸ್ತರಿಸಲು ನೆಲ ಅಗೆಯುತ್ತಿದ್ದಾಗ, 2005ರಲ್ಲಿ, ಬಣ್ಣದ ಹರಳುಗಲ್ಲು ಜೋಡಿಸಿ ಮಾಡಿದ ಪುರಾತನ ನೆಲಗಟ್ಟೊಂದು ಬೆಳಕಿಗೆ ಬಂತು. ಕ್ರೈಸ್ತರು ಪ್ರಾರ್ಥನೆಗಾಗಿ ಕೂಡುತ್ತಿದ್ದ ಕೋಣೆ ಅದು. ಅಕೆಪ್ಟೂಸ್ ಎಂಬ ಹೆಂಗಸು ಅಲ್ಲಿಗೆ ಒಂದು ಮೇಜನ್ನು ದಾನವಿತ್ತಳೆಂದು ಅಲ್ಲಿನ ಗ್ರೀಕ್ ಬರಹ ತಿಳಿಸುತ್ತದೆ. ಆ ಬರಹದಲ್ಲಿ ಯೇಸು ಕ್ರಿಸ್ತನನ್ನು ನೇರವಾಗಿ ದೇವರೆಂದೇ ಕರೆಯಲಾಗಿದೆ. ಇದು ಕ್ರಿ.ಶ. 230ರ ಸುಮಾರಿನದೆಂದು ಉತ್ಖನನ ನಡೆಸಿದವರ ಅಭಿಪ್ರಾಯ.

ಈ ಕಾಲಮಾನಕ್ಕೆ ಮಹತ್ವವಿದೆ. ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ನೈಸಿಯಾದಲ್ಲಿ ಬಿಷಪರನ್ನು ಕೂಡಿಸಿ, ಅದುವರೆಗೆ ಬರಿಯ ಮನುಷ್ಯನಾಗಿದ್ದ ಯೇಸುವನ್ನು ಬಹುಮತದಿಂದ ದೇವರನ್ನಾಗಿ ಮಾಡಿದ ಎಂಬ ಮಾತು ಬಹಳ ಕಾಲದಿಂದ ಪ್ರಚಾರದಲ್ಲಿದೆ. 2003ರಲ್ಲಿ ಬಂದ ‘ದ ಡಾ ವಿಂಚಿ ಕೋಡ್’ ಕಾದಂಬರಿ ಅದನ್ನು ಮನೆಮನೆಗೂ ತಲುಪಿಸಿತು. ನಡೆದದ್ದು ಹೆಚ್ಚುಕಡಿಮೆ ಇದಕ್ಕೆ ತಿರುಗುಮುರುಗು. ಆರಾಧನೆ ಮೊದಲು ಬಂತು. ಅದಕ್ಕೆ ಒಪ್ಪುವ ಸಿದ್ಧಾಂತವನ್ನು ಹುಡುಕಲು ಆಮೇಲೆ ಮುನ್ನೂರು ವರ್ಷ ಹಿಡಿಯಿತು.

ಮನುಷ್ಯನೊಬ್ಬ ದೇವರಾಗುವುದು ನಮ್ಮ ಓದುಗರಿಗೆ ಅಷ್ಟೇನೂ ಅಚ್ಚರಿಯ ಸಂಗತಿಯಲ್ಲ. ರೋಮನರಿಗೂ ಅದು ರೂಢಿಯಲ್ಲಿದ್ದದ್ದೇ. ಜೂಲಿಯಸ್ ಸೀಸರನನ್ನು ಕ್ರಿ.ಪೂ. 42ರಲ್ಲಿ ಅಧಿಕೃತವಾಗಿ ದೇವರೆಂದು ಸಾರಲಾಯಿತು. ಅವನ ದತ್ತುಪುತ್ರ ಆಗಸ್ಟಸ್ ನಾಣ್ಯಗಳ ಮೇಲೆ ತನ್ನನ್ನು ದೇವಪುತ್ರನೆಂದು ಅಚ್ಚು ಹಾಕಿಸಿಕೊಂಡ. ಆದರೆ ಯೇಸುವಿನ ಮೊದಲ ಅನುಯಾಯಿಗಳು ರೋಮನರಲ್ಲ, ಯೆಹೂದ್ಯರು. ದೇವರು ಒಬ್ಬನೇ ಎಂದು ದಿನಕ್ಕೆ ಎರಡು ಬಾರಿ ಪಠಿಸುತ್ತಿದ್ದ ಜನ. ಕಲಿಗುಲ ಚಕ್ರವರ್ತಿ 40ರ ಸುಮಾರಿಗೆ ಯೆರೂಸಲೇಮಿನ ದೇವಾಲಯದಲ್ಲಿ ತನ್ನ ಪ್ರತಿಮೆ ನಿಲ್ಲಿಸಲು ಆಜ್ಞೆ ಮಾಡಿದಾಗ ಅವರು ಹೊಲದ ಬಿತ್ತನೆಯನ್ನೂ ಬಿಟ್ಟು ಬಂದು, ತಮ್ಮನ್ನು ಕೊಂದು ಆಮೇಲೆ ನಿಲ್ಲಿಸಿ ಎಂದು ಕೊರಳೊಡ್ಡಿದರೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಇದಕ್ಕೆ ಸುಮಾರು ಹತ್ತು ವರ್ಷ ಮೊದಲು ಯೇಸುವನ್ನು ಶಿಲುಬೆಗೇರಿಸಲಾಗಿತ್ತು. ಮರಕ್ಕೆ ತೂಗಹಾಕಲ್ಪಟ್ಟವನು ಶಾಪಗ್ರಸ್ತನೆಂಬುದು ಧರ್ಮಶಾಸ್ತ್ರದ ಮಾತು. ಅಂಥವನೊಬ್ಬನಿಗೆ ಇಂಥ ಜನ ಕೈಮುಗಿದರು ಎಂಬುದೇ ಇಲ್ಲಿನ ನಿಜವಾದ ಒಗಟು.

ಇದಕ್ಕೆ ದೊರೆಯುವ ಅತ್ಯಂತ ಹಳೆಯ ಸಾಕ್ಷ್ಯ ಸುವಾರ್ತೆಗಳಲ್ಲ, ಪೌಲನ ಪತ್ರಗಳು. ಮಾರ್ಕನ ಸುವಾರ್ತೆ 70ರ ಆಸುಪಾಸಿನದು. ಪೌಲನ ಪತ್ರಗಳು ಬಹುಮಟ್ಟಿಗೆ 50ರ ದಶಕದವು. ಯೇಸುವಿನ ಹೆಸರಿನಲ್ಲಿ ದೀಕ್ಷಾಸ್ನಾನ, ಅವನ ಹೆಸರಿನ ಭೋಜನ, ಅವನನ್ನು ಕುರಿತ ಸ್ತುತಿ ಎಲ್ಲವೂ ಆಗಲೇ ಅಲ್ಲಿವೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿರುವ ಸ್ತುತಿ ಪೌಲನಿಗಿಂತ ಮೊದಲೇ ಹಾಡಿಕೆಯಲ್ಲಿತ್ತೆಂದು ಅನೇಕ ವಿದ್ವಾಂಸರು ನಂಬುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಂತೂ ಗ್ರೀಕಿನ ನಡುವೆ ಅರಮಾಯಿಕ್ ನುಡಿಯೊಂದು ಅನುವಾದವಿಲ್ಲದೆ ಹಾಗೆಯೇ ಉಳಿದಿದೆ: ‘ಮಾರನಾಥ’. ನಮ್ಮ ಕರ್ತನೇ, ಬಾ ಎಂದು ಅದರ ಅರ್ಥ. ಕೊರಿಂಥದ ಗ್ರೀಕರಿಗೆ ಆ ಭಾಷೆ ಬಾರದು. ಹೀಗಿದ್ದೂ ಅವರಿಗೆ ಆ ಮಾತು ಪರಿಚಿತವಾಗಿತ್ತೆಂದರೆ, ಅದು ಪಾಲೆಸ್ತೀನದ ಮೊದಲ ಸಭೆಗಳಿಂದಲೇ ಹೊರಟುಬಂದ ಪ್ರಾರ್ಥನೆಯಾಗಿರಬೇಕು.

ಈ ಒಂದು ನುಡಿ ದೊಡ್ಡದೊಂದು ವಾದವನ್ನೇ ಅಲುಗಾಡಿಸಿತು. ಯೇಸುವಿನ ಆರಾಧನೆ ಯೆಹೂದ್ಯರ ನಡುವೆ ಹುಟ್ಟಿದ್ದಲ್ಲ, ಅಂತಿಯೋಕ್ಯದಂಥ ಊರುಗಳ ಗ್ರೀಕ್ ವಾತಾವರಣದಲ್ಲಿ ಸೇರಿಕೊಂಡದ್ದು ಎಂದು ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ಬೂಸೆಟ್ 1913ರಲ್ಲಿ ಪ್ರತಿಪಾದಿಸಿದ್ದರು. ಮಾರ್ಟಿನ್ ಹೆಂಗೆಲ್, ಲ್ಯಾರಿ ಹರ್ಟಾಡೊ ಮುಂತಾದವರು ಇದನ್ನು ಒಪ್ಪಲಿಲ್ಲ. ಅದು ನಿಧಾನವಾಗಿ ಬೆಳೆದದ್ದಲ್ಲ, ಸಿಡಿದಂತೆ ಹುಟ್ಟಿದ್ದು ಎಂಬುದು ಹರ್ಟಾಡೊ ಅವರ ನಿಲುವು. ಸಾಕ್ಷ್ಯ ಅವರ ಕಡೆಗೇ ಹೆಚ್ಚು ವಾಲುತ್ತದೆ.

‘ಕರ್ತ’ ಎಂಬ ಪದದ ಬಗ್ಗೆ ಒಂದು ಮಾತು. ಕನ್ನಡ ಬೈಬಲನ್ನು ಓದುವವರಿಗೆ ಇಲ್ಲಿ ಒಂದು ಸೂಕ್ಷ್ಮ ಕೈತಪ್ಪುತ್ತದೆ. ಹಳೆಯ ಒಡಂಬಡಿಕೆಯಲ್ಲಿ ದೇವರ ಹೆಸರು ‘ಯೆಹೋವ’. ಹೊಸ ಒಡಂಬಡಿಕೆಯಲ್ಲಿ ಯೇಸು ‘ಕರ್ತ’. ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಆದರೆ ಗ್ರೀಕ್ ಓದುತ್ತಿದ್ದ ಯೆಹೂದ್ಯನಿಗೆ ಎರಡೂ ಕಡೆ ಕೇಳಿಸುತ್ತಿದ್ದುದು ‘ಕುರಿಯೋಸ್’ ಎಂಬ ಒಂದೇ ಪದ. ಯೆಹೋವನ ಹೆಸರು ಹಿಡಿದು ಮೊರೆಯಿಡುವವರಿಗೆ ರಕ್ಷಣೆಯುಂಟೆಂದು ಪ್ರವಾದಿ ಯೋವೇಲ ನುಡಿದಿದ್ದ. ಪೌಲ ರೋಮಿನವರಿಗೆ ಬರೆಯುವಾಗ ಆ ಮಾತನ್ನು ಎತ್ತಿ ಯೇಸುವಿಗೆ ಅನ್ವಯಿಸುತ್ತಾನೆ. ಅದೂ ವಿಶೇಷ ವಿವರಣೆಯಿಲ್ಲದೆ, ಕೇಳುವವರಿಗೆ ಮೊದಲೇ ಗೊತ್ತಿದ್ದ ಸಂಗತಿಯೆಂಬಂತೆ.

ಹಾಗಾದರೆ ಈ ತಿರುವಿಗೆ ಕಾರಣವೇನು? ಸತ್ತ ಗುರುವನ್ನು ದೇವರು ಎಬ್ಬಿಸಿ ತನ್ನ ಬಲಗಡೆಯಲ್ಲಿ ಕೂರಿಸಿಕೊಂಡಿದ್ದಾನೆಂಬ ನಂಬಿಕೆ. ಪುನರುತ್ಥಾನ ನಡೆಯಿತೇ ಎಂಬುದು ಇತಿಹಾಸದ ಅಳತೆಗೆ ಸಿಕ್ಕುವ ಪ್ರಶ್ನೆಯಲ್ಲ. ಶಿಷ್ಯರು ಅದನ್ನು ನಂಬಿದರೆಂಬುದರಲ್ಲಿ ಸಂಶಯವಿಲ್ಲ. ಅದನ್ನು ಹೇಳಲು ಬೇಕಾದ ಭಾಷೆ ಅವರ ಗ್ರಂಥಗಳಲ್ಲೇ ಇತ್ತು: ಸೃಷ್ಟಿಯ ವೇಳೆ ದೇವರ ಬಳಿಯಿದ್ದ ‘ಜ್ಞಾನ’, ದಾನಿಯೇಲನ ದರ್ಶನದಲ್ಲಿ ಮೇಘಗಳೊಡನೆ ಬರುವ ಮನುಷ್ಯಕುಮಾರ, ಅಲೆಕ್ಸಾಂಡ್ರಿಯಾದ ಫಿಲೋ ವಿವರಿಸಿದ ದೇವರ ‘ವಾಕ್ಯ’. ಆದರೆ ಇವಕ್ಕೆ ಯಾರೂ ಸಭೆ ಸೇರಿ ಹಾಡಿರಲಿಲ್ಲ. ಆರಾಧಿಸಿದ್ದು ದೇವರನ್ನೇ, ಯೇಸುವಿನ ಮೂಲಕ ಎಂದು ಜೇಮ್ಸ್ ಡನ್ 2010ರಲ್ಲಿ ತಿದ್ದುಪಡಿ ಸೂಚಿಸಿದರು. ಎಲ್ಲ ಗುಂಪುಗಳ ಎಣಿಕೆಯೂ ಒಂದೇ ಆಗಿರಲಿಲ್ಲ ಎಂಬುದೂ ದಿಟ.

ಇದು ಪಂಡಿತರ ಚರ್ಚೆಯಷ್ಟೇ ಆಗಿರಲಿಲ್ಲ. ಇಂದಿನ ತುರ್ಕಿಯ ಉತ್ತರ ಭಾಗದಲ್ಲಿದ್ದ ಬಿಥೂನ್ಯದ ರಾಜ್ಯಪಾಲ ಪ್ಲೀನಿ 112ರ ಸುಮಾರಿಗೆ ಟ್ರಾಜನ್ ಚಕ್ರವರ್ತಿಗೆ ವರದಿ ಮಾಡಿದ: ಇವರು ನಿಗದಿಯಾದ ದಿನ ಬೆಳಗಾಗುವ ಮೊದಲೇ ಕೂಡಿ, ಕ್ರಿಸ್ತನನ್ನು ದೇವರೆಂದು ಭಾವಿಸಿ ಹಾಡುತ್ತಾರೆ. ಅವನ ಪರೀಕ್ಷೆ ಸರಳವಾಗಿತ್ತು. ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ. ಮೂರು ಸಲ ಕೇಳಿದರೂ ಕ್ರೈಸ್ತನೆಂದೇ ಹಟ ಹಿಡಿದರೆ ಮರಣ. ನಿಜ ತಿಳಿಯಲೆಂದು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದನ್ನೂ ಅವನು ಮುಚ್ಚಿಡದೆ ಬರೆದಿದ್ದಾನೆ. ರೋಮಿನ ಪಾಲಟೈನ್ ಗುಡ್ಡದ ಗೋಡೆಯೊಂದರ ಮೇಲೆ, ಬಹುಶಃ 200ರ ಹೊತ್ತಿಗೆ, ಯಾರೋ ಗೀಚಿದ ಲೇವಡಿ ಚಿತ್ರವೊಂದಿದೆ. ಕತ್ತೆಯ ತಲೆಯುಳ್ಳ ಮನುಷ್ಯ ಶಿಲುಬೆಯ ಮೇಲೆ. ಕೆಳಗೆ ಕೈಯೆತ್ತಿ ನಿಂತ ಅಲೆಕ್ಸಮೆನೋಸ್. ಅವನು ತನ್ನ ದೇವರನ್ನು ಪೂಜಿಸುತ್ತಿದ್ದಾನೆಂದು ಬರಹವೂ ಇದೆ.

ಇಬ್ಬರಿಗೆ ಕೈಮುಗಿದೂ ದೇವರು ಒಬ್ಬನೇ ಎನ್ನುವುದು ಹೇಗೆ? ಬಹುಕಾಲ ಒಳಗೇ ಕುದಿಯುತ್ತಿದ್ದ ಈ ಪ್ರಶ್ನೆಯನ್ನು ಅಲೆಕ್ಸಾಂಡ್ರಿಯಾದ ಪಾದ್ರಿ ಆರಿಯಸ್ 318ರ ಸುಮಾರಿಗೆ ಬಯಲಿಗೆಳೆದ. ಪುತ್ರನು ಎಲ್ಲ ಸೃಷ್ಟಿಗಿಂತ ಶ್ರೇಷ್ಠ, ಆದರೂ ಸೃಷ್ಟಿಯೇ ಎಂಬುದು ಅವನ ವಾದ. ಆರಿಯಸನೂ ಯೇಸುವಿಗೆ ನಮಿಸುವವನೇ ಎಂಬುದನ್ನು ಮರೆಯಬಾರದು. ಎದುರಾಳಿ ಅಥನಾಸಿಯಸನ ಕೈಗೆ ಸಿಕ್ಕ ಆಯುಧವೂ ಅದೇ. ಪುತ್ರನು ಸೃಷ್ಟಿಯಾದರೆ ಸೃಷ್ಟಿಗೆ ಪೂಜೆ ಸಲ್ಲಿಸಿದಂತಾಗುವುದಿಲ್ಲವೇ, ಅದು ವಿಗ್ರಹಾರಾಧನೆಯಲ್ಲವೇ ಎಂದು ಅವನು ಕೇಳಿದ. ತಲೆಮಾರುಗಳ ಪ್ರಾರ್ಥನೆಯೇ ಹೀಗೆ ತರ್ಕಕ್ಕೆ ಆಧಾರವಾಯಿತು.

ಪುತ್ರನು ತಂದೆಯೊಡನೆ ‘ಒಂದೇ ಸತ್ತ್ವ’ದವನು ಎಂದು ನೈಸಿಯಾ ಸಭೆ ಸಾರಿತು. ಕೊನೆಯವರೆಗೂ ಒಪ್ಪದ ಬಿಷಪರು ಇಬ್ಬರೇ. ಆದರೆ ಆ ಗ್ರೀಕ್ ಪದ ಬೈಬಲಿನಲ್ಲೇ ಇಲ್ಲವೆಂಬ ಕಸಿವಿಸಿ ಹಲವರಿಗಿತ್ತು. ಕಾನ್‌ಸ್ಟಂಟೈನನ ಮಗನೇ ಎದುರು ಪಕ್ಷಕ್ಕೆ ಒಲಿದ. ಅಥನಾಸಿಯಸ್ ಐದು ಸಲ ಗಡಿಪಾರಾದ. ಕಾನ್‌ಸ್ಟಾಂಟಿನೋಪಲಿನಲ್ಲಿ 381ರಲ್ಲಿ ಕೂಡಿದ ಸಭೆ ನೈಸಿಯಾದ ಮಾತನ್ನು ಎತ್ತಿಹಿಡಿದ ಮೇಲೂ, ಸಾಮ್ರಾಜ್ಯದ ಗಡಿಯ ಗೋಥ್ ಜನ ಆರಿಯಸನ ಕಡೆಗೇ ಉಳಿದರು. ಸ್ಪೇನಿನ ವಿಸಿಗೋಥರು ಆ ಪಂಥವನ್ನು ವಿಧ್ಯುಕ್ತವಾಗಿ ತೊರೆದದ್ದು 589ರ ಟೊಲೆಡೊ ಸಭೆಯಲ್ಲಿ.