ಕಡಲಿನ ಪೈಪೋಟಿಯೂ ನಮ್ಮ ಕಾಫಿ ಮೂಟೆಯೂ



ಕರೂರು ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಗೊಬ್ಬರದ ಲಾರಿಗಾಗಿ ಕಾದು ಕುಳಿತಿದ್ದಾಗ, ಚನ್ನಗಿರಿ ಕಡೆಯ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಕೇಳಿದರು: “ಅಲ್ರೀ ಸೆಕ್ರೆಟರಿಯವರೇ, ಚೀನಾದವರೂ ನಮ್ಮವರೂ ಸಮುದ್ರದಾಗೆ ಪೈಪೋಟಿ ನಡೆಸಿದ್ರೆ ನಮ್ಮ ತೋಟಕ್ಕೇನು?”

ಪ್ರಶ್ನೆ ಸಣ್ಣದಲ್ಲ. ತುಂಗಭದ್ರೆಯ ದಂಡೆಯ ನಮಗೆ ಕಡಲು ದೂರವೇ ಸರಿ. ಆದರೆ ನಮ್ಮ ದೇಶದ ಕಾಫಿಯ ಹೆಚ್ಚಿನ ಪಾಲು ಹಡಗು ಹತ್ತಿ ಹೋಗುತ್ತದೆ. ಇಟಲಿ ಅದರ ದೊಡ್ಡ ಗಿರಾಕಿ. ತೋಟಕ್ಕೆ ಹಾಕುವ ಪೊಟ್ಯಾಷ್ ಹಡಗಿನಲ್ಲೇ ಬರುತ್ತದೆ. ಆದ್ದರಿಂದ ಈ ವಿಷಯವನ್ನು ನಮಗೆ ತಿಳಿದ ಮಟ್ಟಿಗೆ ವಿವರಿಸುತ್ತೇವೆ.

ಚೀನಾ ಕೊಳ್ಳುವ ಕಚ್ಚಾ ತೈಲದ ದೊಡ್ಡ ಪಾಲು ಕೊಲ್ಲಿ ರಾಷ್ಟ್ರಗಳಿಂದ ಹಿಂದೂ ಮಹಾಸಾಗರ ದಾಟಿ, ಮಲಕ್ಕಾ ಎಂಬ ಇಕ್ಕಟ್ಟಾದ ಜಲಸಂಧಿಯ ಮೂಲಕ ಹೋಗಬೇಕು. ಆ ದಾರಿಯನ್ನು ಯಾರಾದರೂ ಅಡ್ಡಗಟ್ಟಿಯಾರು ಎಂಬುದು ಅದರ ಭಯ. 2008ರಲ್ಲಿ ಕಡಲ್ಗಳ್ಳರನ್ನು ತಡೆಯಲು ಏಡನ್ ಕೊಲ್ಲಿಗೆ ಹೊರಟ ಅದರ ನೌಕೆಗಳು ಮತ್ತೆ ಹಿಂದಿರುಗಲಿಲ್ಲ. ಒಂದು ತಂಡ ಹೋದರೆ ಇನ್ನೊಂದು ಬಂತು. 2014ರಲ್ಲಿ ಅದರ ಜಲಾಂತರ್ಗಾಮಿ ಕೊಲಂಬೊದಲ್ಲಿ ತಂಗಿತು. 2017ರಲ್ಲಿ ಜಿಬೂಟಿಯಲ್ಲಿ ನೆಲೆ ತೆರೆಯಿತು. ಅದೇ ವರ್ಷ ಶ್ರೀಲಂಕಾದ ಹಂಬನತೋಟ ಬಂದರು 99 ವರ್ಷಗಳ ಗೇಣಿಗೆ ಚೀನೀ ಕಂಪನಿಯ ಕೈಸೇರಿತು. ಇದನ್ನು ಕಂಡ ನಮ್ಮ ದೇಶಕ್ಕೆ, ಸುತ್ತಲೂ ಬೇಲಿ ಬೀಳುತ್ತಿದೆಯೆಂಬ ಶಂಕೆ. ಪಕ್ಕದ ತೋಟದವನು ಬೇಲಿ ಎತ್ತರಿಸಿದನೆಂದು ನಾವೂ ಎತ್ತರಿಸುತ್ತೇವಲ್ಲ, ಹಾಗೆ. ಇಬ್ಬರೂ ತಮ್ಮ ರಕ್ಷಣೆಗೆ ಎನ್ನುತ್ತಾರೆ; ಇಬ್ಬರಿಗೂ ಎದುರಿನದು ಬೆದರಿಕೆಯಾಗಿ ಕಾಣುತ್ತದೆ.

ನಮ್ಮ ಕಡೆಯ ಉತ್ತರಗಳಲ್ಲೊಂದು ನಮ್ಮ ರಾಜ್ಯದಲ್ಲೇ ಇದೆ. ಕಾರವಾರದ ‘ಸೀಬರ್ಡ್’ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು. 2005ರ ಮೇ ತಿಂಗಳಲ್ಲಿ ಅದು ಬನವಾಸಿಯ ಅರಸು ಮನೆತನದ ಹೆಸರಿನಲ್ಲಿ ‘ಐಎನ್‌ಎಸ್ ಕದಂಬ’ವಾಗಿ ಸೇವೆಗೆ ಸೇರಿತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯಕ್ಕೆ ಅದೇ ತವರು. ಇದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ದಂಡೆ ಬಿಟ್ಟುಕೊಟ್ಟವು. ಹೆಚ್ಚಿನ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವು. ನೌಕಾಬಲದ ಲೆಕ್ಕ ಹಾಕುವಾಗ ಈ ಬೆಲೆಯನ್ನು ಮರೆಯಬಾರದು.

ಇನ್ನು ತೋಟದ ಮಾತು. ಕಡಲದಾರಿ ಕೆಟ್ಟರೆ ಏನಾಗುತ್ತದೆಂಬುದನ್ನು ನಾವು ಈಗಾಗಲೇ ಕಂಡಿದ್ದೇವೆ, ಅದು ಚೀನಾದಿಂದ ಆದದ್ದಲ್ಲವಾದರೂ. 2023ರ ಕೊನೆಯಲ್ಲಿ ಯೆಮೆನ್‌ನ ಹೂತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭಿಸಿದರು. ಯುರೋಪಿಗೆ ಹೋಗುವ ಅನೇಕ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿದವು. ಪಯಣಕ್ಕೆ 10ರಿಂದ 14 ದಿನ ಹೆಚ್ಚಾಯಿತು, ಬಾಡಿಗೆಯೂ ವಿಮೆಯೂ ಏರಿದವು. ಅದೇ ಡಿಸೆಂಬರ್ 23ರಂದು, ನವಮಂಗಳೂರು ಬಂದರಿಗೆ ತೈಲ ತರುತ್ತಿದ್ದ ‘ಕೆಮ್ ಪ್ಲೂಟೊ’ ಹಡಗಿಗೆ ಅರಬ್ಬೀ ಸಮುದ್ರದಲ್ಲಿ ಡ್ರೋನ್ ಬಡಿಯಿತು. ನಮ್ಮ ನೌಕಾಪಡೆಯೂ ಕರಾವಳಿ ಕಾವಲು ಪಡೆಯೂ ನೆರವಿಗೆ ಧಾವಿಸಿದವು.

ಬಾಡಿಗೆ ಏರಿದಾಗ ಕೊಳ್ಳುವವನು ಕೊಟ್ಟರೂ ಅಷ್ಟರಮಟ್ಟಿಗೆ ದರ ಇಳಿಸಿಯೇ ಕೇಳುತ್ತಾನೆ. ಕೊನೆಗೆ ಹೊರೆ ತೋಟದ ಬಾಗಿಲಿಗೇ ಬರುತ್ತದೆ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಿದ್ದು 2024ರಲ್ಲಿ ಕಾಫಿ ದರ ಏರಿದ್ದರಿಂದ ಈ ಪೆಟ್ಟು ನಮಗೆ ತಟ್ಟಲಿಲ್ಲ. ದರ ಬಿದ್ದ ವರ್ಷ ಇದೇ ಆಗಿದ್ದರೆ ಕೊಯ್ಲಿನ ಕೂಲಿಯೂ ಗಿಟ್ಟುತ್ತಿರಲಿಲ್ಲ. ಅಡಿಕೆ ಹೆಚ್ಚಾಗಿ ಒಳನಾಡಿನಲ್ಲೇ ಮಾರಾಟವಾಗುವುದರಿಂದ ಅದಕ್ಕೆ ಈ ಭಯ ಕಡಿಮೆ. ಆದರೆ ಗೊಬ್ಬರದ ಬೆಲೆ ಇಬ್ಬರಿಗೂ ಒಂದೇ. ಪೊಟ್ಯಾಷ್ ಕಳಿಸುವ ದೇಶಗಳಲ್ಲಿ ಜೋರ್ಡಾನ್, ಇಸ್ರೇಲ್ ಸಹ ಸೇರಿವೆ. ಕೆಂಪು ಸಮುದ್ರ ಅವರ ಬಾಗಿಲು.

ಎರಡು ದೊಡ್ಡ ರಾಷ್ಟ್ರಗಳ ಪೈಪೋಟಿಯನ್ನು ನಾವು ನಿಲ್ಲಿಸಲಾರೆವು. ಆದರೆ ಗೊಬ್ಬರದ ಬೇಡಿಕೆಯನ್ನು ಮಳೆಗಾಲದ ಹೊಸ್ತಿಲವರೆಗೆ ತಡಮಾಡದೆ ಸಂಘಕ್ಕೆ ಮುಂಚಿತವಾಗಿ ತಿಳಿಸಬಹುದು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕಬಹುದು. ಇಡೀ ಕಾಫಿಯನ್ನು ಒಂದೇ ಸಲ ಮಾರದೆ ಕಂತಿನಲ್ಲಿ ಮಾರಬಹುದು. ದರ ಚೆನ್ನಾಗಿರುವ ವರ್ಷದಲ್ಲೇ ಸಾಲ ತೀರಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಅಂದು ಲಾರಿ ಸಂಜೆಗೆ ಬಂತು. ಆ ಹಿರಿಯರು ಮೂಟೆ ಎಣಿಸಿಕೊಳ್ಳುತ್ತ, “ಹಂಗಾದ್ರೆ ಇದೂ ಸಮುದ್ರ ದಾಟಿ ಬಂದದ್ದೇ ಅನ್ನಿ” ಎಂದರು. ಹೌದು, ಅದೂ ದಾಟಿ ಬಂದದ್ದೇ.