ಹಳೆಯ ಜೀಪಿನ ತಿರುಪುಗಳು

ಮಲೆಸೀಮೆಯಲ್ಲಿ ಕಾಫಿ ಅಡಕೆಗಳ ತೋಟವುಳ್ಳ ಮನೆಗಳ ಹಿತ್ತಿಲನ್ನು ಹೊಕ್ಕು ನೋಡಿದವರಿಗೆ, ಕೊಟ್ಟಿಗೆಯ ಮಗ್ಗುಲಲ್ಲಿಯೋ ಹಲಸಿನ ಮರದ ಅಡಿಯಲ್ಲಿಯೋ ಬಹುಕಾಲದಿಂದ ನಿಂತುಹೋದ ಜೀಪೊಂದು ಕಣ್ಣಿಗೆ ಬೀಳುವುದುಂಟು. ಮೂಡಿಗೆರೆಯ ಕಡೆಯಿರುವ ನಮ್ಮ ಮೂಲಮನೆಯಲ್ಲಿಯೂ ಅಂತಹುದೊಂದಿದೆ. ನನ್ನ ಅಣ್ಣನವರು ಮೂವತ್ತು ವರ್ಷ ಅದನ್ನು ನಡೆಯಿಸಿ, ಕಣ್ಣು ಮಂದವಾದ ಮೇಲೆ ನಿಲ್ಲಿಸಿಬಿಟ್ಟರು. ಅವರು ತೀರಿಕೊಂಡ ತರುವಾಯ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದನು. ಅತ್ತಿಗೆಯವರು ಏನೂ ಮಾತನಾಡದೆ ಒಳಗೆ ಹೋದರು. ಅವರ ಮಗನು, “ಚಿಕ್ಕಪ್ಪ, ಮೊದಲು ಮೇಲಿನ ತಗಡುಗಳನ್ನು ಬಿಚ್ಚಿ ನೋಡೋಣ. ಒಳಗಿನ ಚಾಸಿಸು ಗಟ್ಟಿಯಾಗಿದ್ದರೆ ಉಳಿಸೋಣ, ಇಲ್ಲವಾದರೆ ಕೊಟ್ಟರಾಯಿತು” ಎಂದನು. ಮಕ್ಕಳಿಗೆ ಸಂಸ್ಕೃತವನ್ನು ಬೋಧಿಸಿ ನಿವೃತ್ತನಾದ ನಾನು ಅರುವತ್ತನೆಯ ವಯಸ್ಸಿನಲ್ಲಿ ಸ್ಪ್ಯಾನರನ್ನು ಹಿಡಿದದ್ದು ಹೀಗೆ.

ಜೀಪಿನ ಮೈಕಟ್ಟು ಬಿಚ್ಚುವವನಿಗೆ ಅನುಕೂಲವಾಗಿಯೇ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941 ರಿಂದ ಮುಂದಕ್ಕೆ, ಅಮೆರಿಕಾದ ಟೊಲೀಡೋ ನಗರದ ವಿಲ್ಲೀಸ್ ಕಾರ್ಖಾನೆಯಲ್ಲಿ ಸೈನ್ಯಕ್ಕಾಗಿ ತಯಾರಾದ ವಾಹನದ ಸಂತತಿಯಲ್ಲವೇ ಅದು! ಯುದ್ಧವು ಮುಗಿದ ಬಳಿಕ ಅದರ ನಾಗರಿಕರೂಪವು ಹುಟ್ಟಿತು. 1940 ರ ದಶಕದ ಕೊನೆಗೆ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿದರು. ತಗಡುಗಳು ಬಹುಮಟ್ಟಿಗೆ ಚಪ್ಪಟೆ. ಬಾನೆಟ್ಟು ಹಿಂಬದಿಯ ಕೀಲಿನ ಮೇಲೆ ಏಳುತ್ತದೆ. ಮುಂಗಾಜಿನ ಚೌಕಟ್ಟು ಮುಂದಕ್ಕೆ ಮಡಿಸಿಕೊಳ್ಳುತ್ತದೆ. ಮಡ್ಗಾರ್ಡುಗಳು ಮುಂದಿನ ಜಾಲರಿಗೂ ಎಂಜಿನ್ನಿನ ಹಿಂದಣ ಗೋಡೆಗೂ ಬೋಲ್ಟುಗಳಿಂದ ಬಿಗಿಯಲ್ಪಟ್ಟಿವೆ. ಬೋಲ್ಟು ಬಿಚ್ಚಿದರೆ ತಗಡು ಕೈಗೆ ಬರತಕ್ಕದ್ದು. ಬೋಲ್ಟು ಬಿಚ್ಚುವುದೇ ಕಷ್ಟ.

ಕಬ್ಬಿಣವು ನೀರು ಗಾಳಿಗಳೊಡನೆ ಕೂಡಿ ತುಕ್ಕಾದಾಗ, ತಾನು ಮೊದಲು ಹಿಡಿದಿದ್ದ ಜಾಗಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಜಾಗವನ್ನು ಬೇಡುತ್ತದೆ. ಬೋಲ್ಟಿನ ಮರೆಗಳ ನಡುವೆ ಅಷ್ಟು ಜಾಗವೆಲ್ಲಿಯದು? ಆದಕಾರಣ ತುಕ್ಕು ಅಲ್ಲಿಯೇ ಉಬ್ಬಿ ನಟ್ಟನ್ನೂ ಬೋಲ್ಟನ್ನೂ ಒಂದಾಗಿ ಬೆಸೆದುಬಿಡುತ್ತದೆ. ವ್ಯಾಕರಣದಲ್ಲಿ ನಿತ್ಯಸಮಾಸವೆಂಬುದೊಂದುಂಟು; ಅದರ ಪದಗಳಿಂದಲೇ ಅದನ್ನು ಬಿಡಿಸಿ ಹೇಳಲು ಬಾರದು. ಮಲೆನಾಡಿನ ಮಳೆಯಲ್ಲಿ ನೆನೆದ ಬೋಲ್ಟುಗಳು ಪ್ರಾಯಶಃ ಆ ಜಾತಿಗೆ ಸೇರಿದವು ಎಂದು ನನಗೆ ಮೊದಲ ದಿನವೇ ತೋರಿತು.

ಮೊದಲ ದಿನ ನಾನು ಮಾಡಿದ ತಪ್ಪನ್ನು ಮರೆಮಾಚುವುದಿಲ್ಲ. ತಲೆಯ ಕಡೆಯಿಂದ ನೋಡಿದರೆ ತಿರುಪು ಪ್ರದಕ್ಷಿಣವಾಗಿ ಬಿಗಿಯುತ್ತದೆ, ಅಪ್ರದಕ್ಷಿಣವಾಗಿ ಸಡಿಲುತ್ತದೆ. ಇಷ್ಟು ತಿಳಿದರೆ ಸಾಕೆಂದು ಭಾವಿಸಿ, ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆಯನ್ನು ಸಿಕ್ಕಿಸಿ, ಮೈಭಾರವನ್ನೆಲ್ಲಾ ಹಾಕಿ ಎಳೆದೆನು. ಬೋಲ್ಟು ಸಲೀಸಾಗಿ ತಿರುಗಿತು. ನಾನು ಹಿಗ್ಗಿದೆನು. ಕೈಗೆ ಬಂದದ್ದು ಅದರ ತಲೆ ಮಾತ್ರ! ಮಿಕ್ಕ ಭಾಗವು ಗೋಡೆಯ ಹಿಂದೆ ಬೆಸುಗೆಯಿಂದ ಕೂಡಿಸಿದ ನಟ್ಟಿನೊಳಗೆ ಉಳಿಯಿತು. ಅದನ್ನು ಬೈರಿಗೆಯಿಂದ ಕೊರೆದು ತೆಗೆಯುವುದರಲ್ಲಿ ಎರಡು ಮಧ್ಯಾಹ್ನಗಳು ಕಳೆದುಹೋದುವು. ನಡುವೆ ಗುಳಿ ಹೊಡೆದು, ಸಣ್ಣ ಮೊನೆಯಿಂದ ಆರಂಭಿಸಿ, ಕ್ರಮವಾಗಿ ದಪ್ಪನೆಯ ಮೊನೆಗಳಿಗೆ ಹೋಗಬೇಕು. ಕೊರೆತವು ಯತ್ಕಿಂಚಿತ್ ಓರೆಯಾದರೂ ನಟ್ಟಿನ ಮರೆ ಕೆಡುತ್ತದೆ.

ಆ ಬಳಿಕ ಪಕ್ಕದ ಊರಿನ ವೃದ್ಧ ಮೆಕ್ಯಾನಿಕರೊಬ್ಬರು ಬಂದು ನಮ್ಮ ಸ್ಪ್ಯಾನರನ್ನು ನೋಡಿ ನಕ್ಕರು. ಈ ಜೀಪಿನ ಬೋಲ್ಟುಗಳು ಅಂಗುಲದ ಅಳತೆಯವು. ಅರ್ಧ ಅಂಗುಲದ ತಲೆಯೆಂದರೆ 12.7 ಮಿಲಿಮೀಟರು, ನಾವು ಹಿಡಿದಿದ್ದುದು 13 ರ ಸ್ಪ್ಯಾನರು. ಆ ಅತ್ಯಲ್ಪ ಸಡಿಲವೇ ಬೋಲ್ಟಿನ ಆರು ಮೂಲೆಗಳನ್ನು ಸವೆಯಿಸಿ ದುಂಡಗೆ ಮಾಡುವುದಕ್ಕೆ ಸಾಕು. ಬಾಯಿ ತೆರೆದ ಸ್ಪ್ಯಾನರು ಕೂಡದು, ಆರು ಮುಖಗಳನ್ನೂ ತಬ್ಬುವ ಬಳೆಯಂತಹುದೇ ಬೇಕು ಎಂದು ಅವರು ವಿಧಿಸಿದರು. ತಂತಿಯ ಬ್ರಷ್ಷಿನಿಂದ ಮರೆಯ ಹೊರತುದಿಯನ್ನು ಉಜ್ಜಿ, ಇಳಿಯುವ ಎಣ್ಣೆಯನ್ನು ಹನಿಸಿ, ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು, ಮರುದಿನದವರೆಗೆ ಸುಮ್ಮನಿರಬೇಕು. ಏಟು ಕೊಡುವುದು ಕೋಪದಿಂದಲ್ಲ. ಆ ಅದುರುವಿಕೆಯಿಂದ ತುಕ್ಕು ಬಿರುಕುಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಮರುದಿನವಾದರೂ ಮೊದಲು ಬಿಚ್ಚಲೆಳಸದೆ ಕೂದಲೆಳೆಯಷ್ಟು ಬಿಗಿಯಬೇಕಂತೆ! ಕೇಳಿದಾಗ ನಗು ಬಂದಿತು, ಮಾಡಿದಾಗ ಟಿಕ್ಕೆಂದು ಸದ್ದಾಯಿತು. ಕಾಲು ಸುತ್ತು ಬಿಚ್ಚಿ, ಮತ್ತೆ ಎಣ್ಣೆ ಹನಿಸಿ, ಅರ್ಧದಷ್ಟು ಹಿಂದಕ್ಕೆ ಬಿಗಿದು, ಪುನಃ ಬಿಚ್ಚಿ, ಹೀಗೆ ಒಂದೊಂದಕ್ಕೆ ಕಾಲು ಗಂಟೆ ಹಿಡಿಯಿತು.

ಚಕ್ರಗಳ ವಿಷಯದಲ್ಲಿ ಮಾತ್ರ ಎಚ್ಚರ. ಈ ಬಗೆಯ ಹಳೆಯ ಜೀಪುಗಳಲ್ಲಿ ಎಡಗಡೆಯ ಚಕ್ರಗಳ ನಟ್ಟುಗಳು ವಿಲೋಮ. ಅವು ಪ್ರದಕ್ಷಿಣವಾಗಿಯೇ ಸಡಿಲುತ್ತವೆ. ಇದನ್ನರಿಯದೆ ಬಲವಂತ ಮಾಡಿ ಬೋಲ್ಟು ಮುರಿದುಕೊಂಡವರು ಎಷ್ಟೋ ಮಂದಿ.

ಸಣ್ಣ ಸ್ಕ್ರೂಗಳ ಹಟ ಬೇರೆಯ ತೆರನಾದುದು. ಅವುಗಳ ತಲೆಯ ಗೀರಿನಲ್ಲಿ ಬಣ್ಣವೂ ಮಣ್ಣೂ ಸೇರಿರುತ್ತವೆ. ಅದನ್ನು ಸೂಜಿಯಿಂದ ಕೆರೆದು ತೆಗೆದು, ಗೀರನ್ನು ಪೂರ್ಣವಾಗಿ ತುಂಬುವ ಸ್ಕ್ರೂಡ್ರೈವರನ್ನೇ ಹಾಕಬೇಕು. (ಅಡುಗೆಮನೆಯ ಪಾತ್ರೆಯ ಹಿಡಿ ಬಿಗಿಯಲು ಚಾಕುವಿನ ತುದಿಯನ್ನು ಉಪಯೋಗಿಸುವವರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಬೇಕು.) 1930 ರ ದಶಕದಲ್ಲಿ ಅಮೆರಿಕಾದ ಹೆನ್ರಿ ಫಿಲಿಪ್ಸ್ ಎಂಬವರು ಬಳಕೆಗೆ ತಂದ, ತಲೆಯಲ್ಲಿ ಕೂಡುಗುರುತಿನ ಗುಳಿಯುಳ್ಳ ಸ್ಕ್ರೂಗಳಲ್ಲಿ, ಬಲ ಹೆಚ್ಚಾದೊಡನೆ ಮೊನೆಯು ತಾನಾಗಿ ಮೇಲಕ್ಕೆ ಜಾರುತ್ತದೆ. ಆದುದರಿಂದ ತಿರುಗಿಸುವುದಕ್ಕಿಂತ ಅದುಮುವುದರಲ್ಲಿಯೇ ಹೆಚ್ಚು ಬಲ ಹಾಕತಕ್ಕದ್ದು. ಸುತ್ತಿಗೆಯಿಂದ ಹೊಡೆದರೆ ಏಕಕಾಲದಲ್ಲಿ ಅದುಮುತ್ತಲೂ ತಿರುಗುತ್ತಲೂ ಇರುವ ಒಂದು ಉಪಕರಣವು ದೊರೆಯುತ್ತದೆ; ಬಾಗಿಲ ಬದಿಯ ಹನ್ನೊಂದು ಸ್ಕ್ರೂಗಳಲ್ಲಿ ಒಂಬತ್ತು ಅದಕ್ಕೆ ಮಣಿದುವು.

ಮಣಿಯದವುಗಳಿಗೆ ಬೆಂಕಿ. ನಟ್ಟನ್ನು ಕಾಯಿಸಿದರೆ ಅದು ಹಿಗ್ಗಿ ಹಿಡಿತ ಬಿಡುತ್ತದೆ. ಬಿಸಿಯಿರುವಾಗಲೇ ಮೇಣದಬತ್ತಿಯನ್ನು ಮುಟ್ಟಿಸಿದರೆ ಕರಗಿದ ಮೇಣವು ಮರೆಯೊಳಕ್ಕೆ ಇಳಿಯುತ್ತದೆ. ಆದರೆ ಈ ಜೀಪಿನ ಪೆಟ್ರೋಲು ತೊಟ್ಟಿ ಇರುವುದು ಚಾಲಕನ ಆಸನದ ಕೆಳಗೆ! ಹುಡುಗನು, “ತೊಟ್ಟಿ ಬರಿದಾಗಿ ವರ್ಷಗಳಾದುವು, ಭಯವೇನು?” ಎಂದು ಗ್ಯಾಸಿನ ದೀವಟಿಗೆಯನ್ನು ಹೊತ್ತಿಸಲು ಹೋಗಿದ್ದನು. ನಾನು ಕೈಹಿಡಿದು ನಿಲ್ಲಿಸಿದೆನು. ಬರಿದಾದ ತೊಟ್ಟಿಯಲ್ಲಿ ಆವಿಯು ಗಾಳಿಯೊಡನೆ ಬೆರೆತಿರುವುದರಿಂದ ಅದು ತುಂಬಿದ ತೊಟ್ಟಿಗಿಂತಲೂ ಭಯಂಕರ. ಅದನ್ನು ಕಳಚಿ ದೂರದ ಗದ್ದೆಯ ಅಂಚಿಗೆ ಸಾಗಿಸಿ, ಬ್ಯಾಟರಿಯ ತಂತಿಗಳನ್ನು ಬಿಡಿಸಿ, ಒಂದು ಕೊಡ ಮರಳನ್ನು ಪಕ್ಕದಲ್ಲಿಟ್ಟುಕೊಂಡ ಮೇಲೆಯೇ ಬೆಂಕಿ ಹೊತ್ತಿತು.

ಯಾವುದನ್ನು ಉಳಿಸಬೇಕು, ಯಾವುದನ್ನು ಬಲಿಕೊಡಬೇಕು ಎಂಬ ವಿವೇಕವು ನನಗೆ ಬಂದದ್ದು ಬಹಳ ತಡವಾಗಿ. ನಟ್ಟು ಬಿಡಿಯಾಗಿದ್ದರೆ ಉಳಿಯಿಂದ ಸೀಳಿ ಎಸೆಯಬಹುದು, ಹೊಸದು ಅಂಗಡಿಯಲ್ಲಿ ಸಿಕ್ಕುತ್ತದೆ. ಗೋಡೆಗೆ ಬೆಸೆದ ನಟ್ಟಿನ ಮುಂದೆ ಮಾತ್ರ ತಾಳ್ಮೆಯೇ ಗತಿ. ಒಂದೊಂದು ತಗಡಿನ ಬೋಲ್ಟುಗಳನ್ನೂ ಉಪ್ಪಿನಕಾಯಿಯ ಹಳೆಯ ಡಬ್ಬಿಗಳಲ್ಲಿ ಬೇರೆಬೇರೆಯಾಗಿ ಹಾಕಿ ಅತ್ತಿಗೆಯವರು ತಾವಾಗಿ ಬಂದು ಚೀಟಿ ಅಂಟಿಸತೊಡಗಿದರು.

ಎಂಟನೆಯ ದಿನ ಎಡಗಡೆಯ ಮಡ್ಗಾರ್ಡಿನ ಒಳಮೂಲೆಯ ಮೂರು ಬೋಲ್ಟುಗಳಿಗೆ ಬಂದೆವು. ಕೈ ತೂರದ ಜಾಗ. ಕೆಸರು ಗಟ್ಟಿಕಟ್ಟಿ ಕಲ್ಲಾಗಿತ್ತು. ಇವು ಮುರಿಯುವುದೇ ನಿಶ್ಚಯವೆಂದು ಬೈರಿಗೆಯನ್ನು ಸಿದ್ಧಮಾಡಿಕೊಂಡೇ ಸ್ಪ್ಯಾನರನ್ನು ಹಚ್ಚಿದೆನು. ಒಂದೇ ಎಳೆತಕ್ಕೆ ಸಡಿಲಿದುವು. ಹೊರತೆಗೆದು ಬೆಳಕಿಗೆ ಹಿಡಿದರೆ ಮರೆಗಳ ತುಂಬ ಕಪ್ಪಗೆ ಒಣಗಿದ ಕೀಲೆಣ್ಣೆ. ಅಣ್ಣನವರು ಯಾವಾಗಲೋ ಆ ಮಡ್ಗಾರ್ಡನ್ನು ಬಿಚ್ಚಿ, ಮತ್ತೆ ಬಿಗಿಯುವಾಗ ಹಚ್ಚಿದ್ದಿರಬೇಕು. ಅತ್ತಿಗೆಯವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಆ ಮೂರನ್ನು ಡಬ್ಬಿಗೆ ಹಾಕದೆ ಸೆರಗಿನಲ್ಲಿ ಕಟ್ಟಿಕೊಂಡರು.

ಚಾಸಿಸನ್ನು ಸುತ್ತಿಗೆಯಿಂದ ತಟ್ಟುತ್ತ ಹೋದಾಗ ಹಿಂದಿನ ಅಡ್ಡಪಟ್ಟಿಯೊಂದರಲ್ಲಿ ಮಾತ್ರ ಸದ್ದು ಬೋದಾಗಿ ಕೇಳಿಸಿತು. ಅದಕ್ಕೆ ತೇಪೆ ಬೆಸೆಯಿಸಿದೆವು. ನೆಲದ ತಗಡನ್ನು ಹೊಸದಾಗಿಯೇ ಮಾಡಿಸಬೇಕಾಯಿತು. ಈಗ ಒಂದೊಂದು ಬೋಲ್ಟಿಗೂ ಕೀಲೆಣ್ಣೆಯನ್ನು ಹಚ್ಚಿ ಮಡ್ಗಾರ್ಡುಗಳನ್ನು ಕೂಡಿಸುತ್ತಿದ್ದೇವೆ. ಬಲಗಡೆಯದು ಮುಗಿದಿದೆ. ಎಡಗಡೆಯದಕ್ಕೆ ಮೂರು ಬೋಲ್ಟುಗಳನ್ನು ಅತ್ತಿಗೆಯವರಿಂದ ಕೇಳಿ ಪಡೆಯಬೇಕಾಗಿದೆ.